ಕನ್ನಡಿಯಲ್ಲಿ ನಿಂತ ಮಗು

ಅಥವಾ ಆ ಲಂಗ ನನ್ನದಾಗಿರಲೇ ಇಲ್ಲವೇನೋ. ನೆನಪಿನಲ್ಲಿ ಅದು ಗಿಳಿಹಸಿರು, ಅಂಚು ಕೆಂಪು. ಫೋಟೋದ ಬಣ್ಣಗಳೆಲ್ಲ ಕಂದಿ ಒಂದೇ ಹಳದಿಯಾಗಿರುವುದರಿಂದ ಸಾಕ್ಷಿ ಹೇಳುವವರಿಲ್ಲ. ಸಾಕ್ಷಿಯಿಲ್ಲದ ಕಡೆಯೇ ನೆನಪು ಗಟ್ಟಿಯಾಗಿ ಮಾತಾಡುತ್ತದೆ. ಅದಕ್ಕೇ ನಾನು ಅದನ್ನು ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ.

ನಮ್ಮ ಕಡೆ ಗಂಡುಮಗುವಿನ ಮೊದಲ ಮುಡಿಯನ್ನು ಬೆಟ್ಟದ ದೇವರಿಗೆ ಕೊಡುವ ಮುನ್ನ, ಬೆಳೆದ ಕೂದಲಿಗೆ ಒಮ್ಮೆ ಜಡೆ ಹೆಣೆದು, ಮಲ್ಲಿಗೆ ಮೊಗ್ಗು ಪೋಣಿಸಿ, ಲಂಗ ತೊಡಿಸಿ ಸ್ಟುಡಿಯೋಗೆ ಕರೆದೊಯ್ಯುವುದು ನಿಮಗೂ ಗೊತ್ತಿರುತ್ತದೆ. ಜಡೆಯೂ ಕಾಣಲಿ ಎಂದು ಬೆನ್ನ ಹಿಂದೆ ಕನ್ನಡಿ ಇಡುತ್ತಾರೆ. ನಿಮ್ಮ ಮನೆಯ ಗೋಡೆಯ ಮೇಲೂ ಅಂಥದೊಂದು ಇದ್ದರೆ, ಬಂದವರಿಗೆಲ್ಲ ತೋರಿಸಿ, "ಈ ಹುಡುಗಿ ಯಾರು ಹೇಳಿ ನೋಡೋಣ" ಎಂದು ಕೇಳಿ, ಮೀಸೆ ಬಂದ ಮಗನನ್ನು ನಾಚಿಸಿಯೇ ಇರುತ್ತೀರಿ.

ನಮ್ಮ ಮನೆಯ ಫೋಟೋದಲ್ಲಿ ಇರುವುದು ಚಿಕ್ಕಪ್ಪನ ಮಗು ಮಂಜು. ಆಗ ಮನೆಯವರ ಪಾಲಿಗೆ ಗಂಡು, ಈಗ ನನ್ನ ತಂಗಿ; ಎರಡೂ ಕಡೆ ಸಲ್ಲುವ ಹೆಸರಾದ್ದರಿಂದ ಹೆಸರೊಂದು ಉಳಿಯಿತು. ಅವತ್ತು ನನ್ನ ಮೈಮೇಲಿದ್ದ ಲಂಗವನ್ನು ಬಿಚ್ಚಿ ಅವಳಿಗೆ ಉಡಿಸಿ, ಅವಳ ಚಡ್ಡಿಯನ್ನು ನನಗೆ ಹಾಕಿ, ಇಬ್ಬರನ್ನೂ ಮುಳಬಾಗಿಲಿನ ಸ್ಟುಡಿಯೋಗೆ ಕರೆದೊಯ್ದರೆಂದು ನನ್ನ ನೆನಪು. ದೊಡ್ಡ ದೀಪಗಳ ಬಿಸಿ, ಮೊಗ್ಗಿನ ವಾಸನೆ, ಸೊಂಟವನ್ನು ಕಚ್ಚುತ್ತಿದ್ದ ಎಲಾಸ್ಟಿಕ್.

ಒಂದು ದಿನದ ಮಟ್ಟಿಗೆ ಹೆಣ್ಣಾದ ಗಂಡು ಮನೆಗೆ ಹಬ್ಬ. ಚಡ್ಡಿ ಹಾಕಿದ ಹುಡುಗಿಯ ಫೋಟೋವನ್ನು ಯಾರೂ ತೆಗೆಸುವುದಿಲ್ಲ. ಬೇಕೆಂದಾಗ ಬಿಚ್ಚಿಡಬಹುದಾದ ಹೆಣ್ಣುತನವನ್ನು ಮಾತ್ರ ನಾವು ಇಷ್ಟು ಮುದ್ದಿಸುತ್ತೇವೆಂದು ತೋರುತ್ತದೆ. ಟಿವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಸೀರೆ ಉಟ್ಟು ಸೊಂಟ ಕುಣಿಸುವ ಗಂಡಸರನ್ನು ಕಂಡು ನಮ್ಮ ಮನೆಯಲ್ಲಿ ಈಗಲೂ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಆಟ ಮುಗಿದ ಮೇಲೆ ಅವರೆಲ್ಲ ಪ್ಯಾಂಟಿಗೆ ಮರಳುತ್ತಾರೆಂಬ ಭರವಸೆಯೇ ಆ ನಗುವಿನ ಧೈರ್ಯ. ಮಂಜು ಮರಳಲಿಲ್ಲ. ತಾನು ಹೆಣ್ಣೆಂದು ಅವಳು ಹೇಳಿದ ಮಾರನೆಯ ದಿನ ಚಿಕ್ಕಪ್ಪ ಗೋಡೆಯಿಂದ ಫೋಟೋ ಇಳಿಸಿದರು. ಅವಳೊಂದಿಗೆ ಮಾತನ್ನೂ ಬಿಟ್ಟರು.

ಈಗ ಅವಳು ಕೋಲಾರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ. ಕಳೆದ ಅವರೆಕಾಯಿ ಕಾಲದಲ್ಲಿ ನನಗೆ ಫೋನು ಮಾಡಿ, "ಅಕ್ಕಾ, ಆ ಮನೇಲಿ ನಾನು ನಾನಾಗಿದ್ದಿದ್ದು ಅದೊಂದು ಫೋಟೋದಲ್ಲೇ. ಅದನ್ನ ಕೇಳೋಕೆ ಹೋಗ್ತೀನಿ, ನೀನೂ ಬಾ" ಎಂದಳು.

ನಾವು ಹೋದದ್ದು ನಡುಮಧ್ಯಾಹ್ನ. ಆ ಮನೆಯಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಯಾವಾಗಲೂ ಸಣ್ಣ ಮಳೆಯಂತೆ ಕೇಳುತ್ತಿರುತ್ತದೆ. ಅವತ್ತು ಹುಳುಗಳು ಪೊರೆ ಬಿಡುವ ಹೊತ್ತು. ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲುಗದೆ ನಿಂತಿದ್ದವು. ಇದನ್ನೊಂದು ಉಪಮೆ ಮಾಡಲು ಕೈ ತುರಿಸುತ್ತದೆ, ಬೇಡ. ಮನೆಗೆ ಮನೆಯೇ ಉಸಿರು ಹಿಡಿದಂತಿತ್ತು, ಅಷ್ಟು ಸಾಕು. ಜಗುಲಿಯಲ್ಲಿ ಕೂತಿದ್ದ ಚಿಕ್ಕಪ್ಪ ನಮ್ಮನ್ನು ನೋಡಿ ಮುಖ ತಿರುಗಿಸಿದರು, ಎದ್ದು ಮಾತ್ರ ಹೋಗಲಿಲ್ಲ.

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಮಂಜುವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಒಚ್ಚಿನಾವಾ ತಲ್ಲಿ?" ಎಂದರು. ಬಂದೆಯಾ ತಾಯಿ ಎಂದು. ಅಜ್ಜಿ ತೆಲುಗಿಗೆ ಜಾರುವುದು ಪ್ರೀತಿ ಉಕ್ಕಿದಾಗ, ಇಲ್ಲವೇ ಹೆದರಿದಾಗ.

"ಎಷ್ಟ್ ಬೆಳೆದ್ಬಿಟ್ಟೆ! ಕೂತ್ಕೋ, ಸುಲಿ."

"ಬಂದ್ ತಕ್ಷಣ ಕೆಲಸಕ್ಕೆ ಹಚ್ಚಿದ್ಯಲ್ಲಜ್ಜಿ," ಮಂಜು ನಕ್ಕಳು. "ಮೊದಲಾದ್ರೆ ಕೂತ ಕಡೆ ಕಾಫಿ ಬರ್ತಿತ್ತು."

"ಅವನಿಗೆ ಕೊಡ್ತಿದ್ದೆ. ನಿನಗ್ಯಾವಾಗ ಕೊಟ್ಟಿದ್ದೆ?"

ಮಂಜುವಿನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಆದರೂ ಬಂದ ಕೆಲಸ ಹೇಳಿದಳು. ಅಜ್ಜಿ ಎದ್ದು ಹೋಗಿ ಟ್ರಂಕಿನಿಂದ ಹಳೆಯ ಸೀರೆಯಲ್ಲಿ ಸುತ್ತಿದ್ದ ಫೋಟೋ ತಂದು ಮಡಿಲಲ್ಲಿಟ್ಟುಕೊಂಡರು.

"ಇದು ನೀನು. ಬೆಟ್ಟದಲ್ಲಿ ಕೂದ್ಲು ಇಳಿಸಿದ್ರಲ್ಲ, ಅವತ್ತೇ ಹೋದೆ. ಗುಂಡು ಹೊಡೆದು ಅವನ್ನ ನನ್ ಕೈಗೆ ಕೊಟ್ರು. ಇಷ್ಟು ವರ್ಷ ಸಾಕಿದೆ. ಈಗ ನೀನ್ ಬಂದಿದ್ದೀಯ, ಸಂತೋಷ. ಅವನೆಲ್ಲಿ?"

"ಅಜ್ಜಿ, ಅವನೂ ನಾನೇ."

"ಸುಮ್ಕಿರೇ. ಮೈ ಸುಡ್ತಿದ್ದಾಗ ಎದೆ ಮೇಲೆ ಮಲಗಿಸ್ಕೊಂಡಿದ್ದೋಳು ನಾನು. ನನಗೇ ಹೇಳ್ಕೊಡ್ತೀಯಾ? ಇಗೋ ನೋಡು, ಅವತ್ತೇ ಬಂದು ಕಾಯ್ತಾ ನಿಂತವ್ನೆ."

ಅಜ್ಜಿಯ ಉಗುರು ಫೋಟೋದೊಳಗಿನ ಕನ್ನಡಿಯ ಮೇಲಿತ್ತು. ಜಡೆಯ ಪಕ್ಕದಲ್ಲಿ, ಕನ್ನಡಿಯ ಚೌಕಟ್ಟಿಗೆ ಒತ್ತಿ, ಚಡ್ಡಿ ಹಾಕಿದ ಮಗುವೊಂದು ನಿಂತಿತ್ತು. ಅರ್ಧ ಮುಖ ಚೌಕಟ್ಟಿನಾಚೆ ಉಳಿದಿತ್ತು. ಅಷ್ಟು ವರ್ಷ ಗೋಡೆಯ ಮೇಲೆ ಕಂಡ ಫೋಟೋದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.

"ಅಜ್ಜಿ, ಅದು ನಾನು," ಎಂದೆ. "ಅವತ್ತು ಮಂಜು ಚಡ್ಡಿ ನನಗೆ ಹಾಕಿದ್ರಿ."

"ನೀನೆಲ್ಲಿದ್ಯೇ? ಹೆಣ್ಣುಮಗೂನ ಬಸ್ಸಲ್ಲಿ ಯಾಕೆ ಎಳ್ಕೊಂಡು ಹೋಗೋದು ಅಂತ ಮನೇಲೇ ಬಿಟ್ಟಿದ್ವಿ. ಅತ್ತೂ ಅತ್ತೂ ಇಲ್ಲೇ ಮಲಗಿಬಿಟ್ಟಿದ್ದೆ. ಪಕ್ಕದಲ್ಲಿ ನಾನೇ ಇದ್ದೆ."

ಮಂಜು ಬಾಗಿಲ ಕಡೆ ತಿರುಗಿದಳು. "ಅಪ್ಪಾ, ನೀನಿದ್ಯಲ್ಲ ಸ್ಟುಡಿಯೋದಲ್ಲಿ. ಇದು ಯಾರು?"

ಉತ್ತರ ಬಾರದೆಂದೇ ನಾನು ಎಣಿಸಿದ್ದೆ. ಚಿಕ್ಕಪ್ಪ ಹೊಸ್ತಿಲ ತನಕ ಬಂದು ಕೈ ಚಾಚಿದರು. ಅಜ್ಜಿ ಫೋಟೋ ಕೊಟ್ಟರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಯಾರೂ ಇರ್ಲಿಲ್ಲಮ್ಮ," ಎಂದರು. "ನಾನು, ನೀನು, ಫೋಟೋ ತೆಗೆಯೋನು. ಅಷ್ಟೇ." ಫೋಟೋವನ್ನು ಮಂಜುವಿನ ಕೈಗಿಟ್ಟು ಜಗುಲಿಗೆ ಮರಳಿದರು. ಅವಳು ಅದನ್ನು ಎದೆಗೊತ್ತಿಕೊಂಡು ಸದ್ದಿಲ್ಲದೆ ಅತ್ತಳು.

"ತಗೊಂಡು ಹೋಗು. ಆದ್ರೆ ಅವನ್ನ ಕತ್ತರಿಸ್ಬೇಡ," ಎಂದು ಅಜ್ಜಿ ಮತ್ತೆ ಕಾಯಿಗೆ ಕೈ ಹಾಕಿದರು.

ಅವಳು ಕತ್ತರಿಸಲಿಲ್ಲ. ಕೋಲಾರದ ಅವಳ ಕೋಣೆಯ ಗೋಡೆಯ ಮೇಲೆ, ಆ ಫೋಟೋದಲ್ಲಿ, ಇಬ್ಬರೂ ಇದ್ದಾರೆ. ಅಜ್ಜಿ ಸುಳ್ಳು ಹೇಳುವವರಲ್ಲ, ಚಿಕ್ಕಪ್ಪನೂ ಅಲ್ಲ. ನಾನು ಹೇಳಿದ್ದೂ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ಒಂದು ಭಾನುವಾರ ಮಂಜುವಿನ ಫೋನಿನಲ್ಲಿ ಆ ಫೋಟೋವನ್ನು ಹಿಡಿದು, ಕನ್ನಡಿಯೊಳಗಿನ ಮಗುವನ್ನು ಹಿಗ್ಗಿಸುತ್ತ ಹೋದೆವು. ಹತ್ತಿರ ಹೋದಷ್ಟೂ ಮುಖ ಚುಕ್ಕೆಚುಕ್ಕೆಯಾಗಿ ಒಡೆಯಿತು. ಅದು ಚಡ್ಡಿ ಹಾಕಿರುವ ಒಂದು ಮಗು. ಹುಡುಗನೋ ಹುಡುಗಿಯೋ, ನಾನೋ ಅಲ್ಲವೋ, ನನಗೆ ಗೊತ್ತಿಲ್ಲ.