ಹೊಸಮನಿ ಸರ್ ಕಳೆದ ಒಂದು ಅಂಕಿ

ಹೊಸಮನಿ ಸರ್ ಕ್ಲಾಸಿಗೆ ಬಂದ್ರ ಮೊದಲ ಹಾಜರಿ ತಗೋತಿರಲಿಲ್ಲ, ನೊಣ ಹುಡಕತಿದ್ರು. ಖರೇನ ಹೇಳಾಕತ್ತೇನಿ, ನಗಬ್ಯಾಡ್ರಿ. ಬೈಲಹೊಂಗಲದ ನಮ್ಮ ಕಾಲೇಜಿನ್ಯಾಗ ನೊಣಕ್ಕೇನು ಬರ? ಒಂದು ಕಂಡಿತಂದ್ರ ಅದಕ್ಕ ಬಟ್ಟು ಮಾಡಿ, "ಇದು ಎಲ್ಲೈತಿ ಅಂತ ಹೇಳಾಕ ಎಷ್ಟು ಅಂಕಿ ಬೇಕು?" ಅಂತಿದ್ರು.

"ಮೂರ್ರಿ ಸರ್. ಈ ಗ್ವಾಡಿಯಿಂದ ಎಷ್ಟು ದೂರ, ಆ ಗ್ವಾಡಿಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ."

"ಬರೋಬರಿ. ಟೇಬಲ್ ಮ್ಯಾಗಿನ ಇರುವಿಗೆ?"

"ಎರಡ್ರಿ."

"ನಾ ಕಿತ್ತೂರಿಂದ ಬರೋ ಬಸ್ಸಿಗೆ?"

"ಒಂದ್ರಿ. ಎಷ್ಟನೇ ಕಿಲೋಮೀಟರ್ ಕಲ್ಲಿನ ಹತ್ರ ಐತಿ ಅಂದ್ರ ಸಾಕು."

"ಬಸ್ ಕೆಟ್ಟು ನಿಂತ್ರ, ಸರ್?" ಅಂತ ಹಿಂದಿನ ಬೆಂಚಿನವ ಯಾವನರ ಒದರಾವ.

"ಆವಾಗ ಕಂಡಕ್ಟರ್‌ನ ಕೇಳಪಾ," ಅಂತಿದ್ರು ಸರ್.

ಬುಕ್ಕಿನ್ಯಾಗ ಇದಕ್ಕ ಡಿಗ್ರೀಸ್ ಆಫ್ ಫ್ರೀಡಂ ಅಂತ ದೊಡ್ಡ ಹೆಸರು. ಸರ್ ಲೆಕ್ಕ ಸರಳ: ಒಂದು ಕಟ್ಟು ಬಿತ್ತಂದ್ರ ಒಂದು ಅಂಕಿ ಕಳಿ. ನೊಣ ಹಾರತೈತಿ, ಮೂರು. ಇರುವಿ ಟೇಬಲ್ ಬಿಟ್ಟು ಏಳಂಗಿಲ್ಲ, ಅದೊಂದು ಕಟ್ಟು, ಹಂಗಾಗಿ ಎರಡು. ಮೆಕ್ಯಾನಿಕ್ಸ್ ಅಂದ್ರ ಚಳಿಜ್ವರ ಬರತಿದ್ದ ನಮಗ ಇದೊಂದು ಆಟ ಆಗಿತ್ತು.

ಸಣಕಲ ಮನುಷ್ಯಾ. ಇಸ್ತ್ರಿ ಅಂಗಿ ಹಾಕ್ಕೋತಿದ್ರು ಖರೇ, ಆದ್ರ ಚಾಕ್‌ಪೀಸಿನ ತುಂಡು ಇಟ್ಟು ಇಟ್ಟು ಕಿಸೆ ಯಾವಾಗೂ ಬೆಳ್ಳಗ. ಪಾಠ ಬೆಲ್ಲ, ಬಾಯಿ ಖಾರ. ಆ ಖಾರ ಒಂದ್ಸಲ ನನಗ ಬಿತ್ತು.

ಟೆಸ್ಟಿನ್ಯಾಗ ಕೇಳಿದ್ರು: ಎರಡು ಗಾಲಿ ಕೈಗಾಡಿ ಬಯಲಾಗ ನಿಂತೈತಿ. ಗಾಲಿ ಉರುಳತಾವು, ಅಡ್ಡ ಜಾರಂಗಿಲ್ಲ. ಎಷ್ಟು ಅಂಕಿ ಬೇಕು? ನಾ ಮೂರು ಅಂತ ಬರದೆ. ನಿಂತ ಜಾಗಾ ಹೇಳಾಕ ಎರಡು, ಮಾರಿ ಯಾವ ಕಡೆ ಐತಿ ಅನ್ನಾಕ ಒಂದು. ಸರ್ ಕೆಂಪು ಗೀಟು ಎಳದು ಸೊನ್ನಿ ಕೊಟ್ಟಿದ್ರು. ನಾ ಎದ್ದು ನಿಂತೆ.

"ಸರ್, ಮೂರ ಬೇಕ್ರಿ."

"ಅಡ್ಡ ಜಾರಂಗಿಲ್ಲ ಅಂದಮ್ಯಾಲೆ ಒಂದು ಕಟ್ಟು ಆತಲ್ಲ ಸುವರ್ಣಾ? ಕಳಿ. ಎರಡು."

"ಜಾರಂಗಿಲ್ರಿ. ಆದ್ರೂ ಎಲ್ಲಿ ಬೇಕಾದಲ್ಲಿ ಹೋಗಿ ಹೆಂಗ ಬೇಕಾದಂಗ ನಿಂದರತೈತಿ. ನಮ್ಮಪ್ಪ ಕಬ್ಬಿನ ಟ್ರ್ಯಾಲಿ ಹಂಗ ನಿಂದರಸ್ತಾನ್ರಿ."

"ಯಾವ ಯುನಿವರ್ಸಿಟಿಯೊಳಗ ಪ್ರೊಫೆಸರ್ ಅದಾನವಾ ನಿಮ್ಮಪ್ಪ?"

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಮ್ಮಪ್ಪ ನಾಲ್ಕನೇ ಇಯತ್ತೆ ಓದಿ ಸಾಲಿ ಬಿಟ್ಟಾಂವ. ಎಂ.ಕೆ. ಹುಬ್ಬಳ್ಳಿ ಸಕ್ರಿ ಫ್ಯಾಕ್ಟರಿಗೆ ಟ್ರ್ಯಾಕ್ಟರ್‌ನ್ಯಾಗ ಕಬ್ಬು ಹೊಡದು ನನ್ನ ಓದಸಾಕತ್ತಿದ್ದ. ಸೊನ್ನಿ ನಾ ಸಂಜೀಕ ಮರತೆ. ಆ ನಗಿ ಮರೀಲಿಲ್ಲ.

ಹದಿನೈದು ದಿನಾ ಆಗಿರಬೇಕು. ಸರ್ ಕಿತ್ತೂರಾಗ ಹತ್ತೋ ಬಸ್ಸಿನ್ಯಾಗ ನಾನೂ ಇದ್ದೆ. ದಾರಿಯೊಳಗ ಕಬ್ಬಿನ ಟ್ರ್ಯಾಕ್ಟರ್ ಒಂದು ನಡುರಸ್ತಾದಾಗ ನಿಂತು ಬಸ್ಸಿಗೆ ಜಾಗಾನ ಇಲ್ಲ. ಎಲ್ಲಾರೂ ಕೆಳಗ ಇಳದ್ವಿ. ಟ್ರ್ಯಾಲಿ ಎರಡು ಮಾರು ಬಾಜೂಕ ಸರೀಬೇಕು. ಡ್ರೈವರ್ ಬೀಡಿ ಕಚಗೊಂಡು ಒಂದೀಟು ಮುಂದ, ಒಂದೀಟು ಹಿಂದ, ಮತ್ತ ಮುಂದ, ಮತ್ತ ಹಿಂದ, ಹಿಂಗ ಆರು ಏಳು ಸಲ ಮಾಡಿದ. ನೋಡಿದ್ರ ಟ್ರ್ಯಾಲಿ ಮೊದಲಿದ್ದ ಕಡೇನ ಮಾರಿ ಮಾಡಿ ರಸ್ತಾದ ಅಂಚಿಗೆ ನಿಂತಿತ್ತು.

"ಗಾಲಿ ಒಮ್ಮೆಯೂ ಅಡ್ಡ ಜಾರಲಿಲ್ಲಲ್ಲ," ಅಂತ ಸರ್ ತಮ್ಮಷ್ಟಕ್ಕ ತಾವ ಅಂದ್ರು. ನಿಂತಲ್ಲೇ ನಿಂತಬಿಟ್ರು.

"ಸರ್ರ, ಹತ್ತತೀರೋ, ಕಬ್ಬಿನ ಜೋಡಿ ಫ್ಯಾಕ್ಟರಿಗೆ ಹೋಗತೀರೋ?" ಅಂದ ಕಂಡಕ್ಟರ್.

ಅವತ್ತ ಕ್ಲಾಸಿನ್ಯಾಗ ನೊಣ ಹುಡಕಲಿಲ್ಲ. ಬೋರ್ಡಿನ ಮ್ಯಾಗ ದೊಡ್ಡದಾಗಿ ಮೂರು ಅಂತ ಬರದ್ರು. "ಸುವರ್ಣಾ ಬರೋಬರಿ ಬರದಿದ್ಲು, ತಪ್ಪು ನಂದು. ಈ ಕ್ಷಣಕ್ಕ ಗಾಡಿಗೆ ಇರೋದು ಎರಡ ದಾರಿ, ಹಿಂದ-ಮುಂದ ಹೋಗೋದು, ಹೊಳ್ಳೋದು. ಆದ್ರ ಹಿಂದ-ಮುಂದ ಮಾಡಿ ಮಾಡಿ ಅದು ಮುಟ್ಟಲಾರದ ಜಾಗಾ ಒಂದೂ ಇಲ್ಲ. ಎಲ್ಲಾ ಕಟ್ಟಿಗೂ ಅಂಕಿ ಕಳಿಯಾಕ ಬರಂಗಿಲ್ಲ. ಇಷ್ಟು ವರ್ಷ ನಾ ತಪ್ಪ ಕಲಿಸೇನಿ. ಮಾರ್ಕ್ಸ್ ಹಾಕತೇನಿ, ಪೇಪರ್ ತಾರವಾ."

"ಮಾರ್ಕ್ಸ್ ಬ್ಯಾಡ್ರಿ ಸರ್," ಅಂದೆ. "ನಮ್ಮಪ್ಪಗ ಅಂದದ್ದು?"

ಸರ್ ಬೋರ್ಡ್ ಒರಸೋ ಅರಿಬಿ ಟೇಬಲ್ ಮ್ಯಾಗ ಇಟ್ರು. "ಐತವಾರ ಮನ್ಯಾಗ ಇರತಾರೇನು ನಿಮ್ಮಪ್ಪ?" ಅಂತ ಕೇಳಿದ್ರು.

ಬಂದ್ರಿ! ಅದ ಇಸ್ತ್ರಿ ಅಂಗಿ ಹಾಕ್ಕೊಂಡು ನಮ್ಮ ಅಂಗಳಕ್ಕ ಬಂದ್ರು. ಬಂದಾವರು ಮೊದಲ ಟ್ರ್ಯಾಲಿ ಹಿಂದ ಬಿಡೋದು ಕಲಸ್ರಿ ಅಂದ್ರು. ಅಪ್ಪಗ ಗಾಬರಿ, ಖುಷಿ ಎರಡೂ. "ಎಡಕ್ಕ ಹೋಗಬೇಕಂದ್ರ ಮೊದಲ ಬಲಕ್ಕ ತಿರುವ್ರಿ ಸರ್ರ. ಬಲಕ್ಕ! ಅಯ್ಯ, ಬಲಕ್ಕ ಅಂದ್ನಲ್ರಿ!" ಅನ್ನೂದರಾಗ ಟ್ರ್ಯಾಲಿ ಹೋಗಿ ತಿಪ್ಪಿಗೆ ಕುಂತಿತು. ಸರ್ ಕೆಳಗ ಇಳದು ಸಣ್ಣ ಹುಡುಗನಂಗ ನಕ್ರು. ಅವರು ಹಂಗ ನಕ್ಕಿದ್ದು ನಾ ಅವತ್ತ ಮೊದಲ ಸಲ ನೋಡಿದ್ದು.

ಆಮ್ಯಾಲೆ ನಗಿ ನಿಲ್ಲಿಸಿ ಅಂದ್ರು, "ನಿಮಗ ನಾ ಕ್ಲಾಸಿನ್ಯಾಗ ಅವಮಾನ ಮಾಡೇನ್ರಿ. ತಪ್ಪಾತು."

ಅಪ್ಪಗ ಇದ್ಯಾವುದೂ ಗೊತ್ತಿರಲಿಲ್ಲ. ನಾ ಹೇಳಿರಲಿಲ್ಲ. ನನ್ನ ಮಾರಿ ನೋಡಿದ, ಅವಗ ಎಲ್ಲಾ ತಿಳೀತು.

"ನಾ ಅಲ್ಲಿ ಇರಲಿಲ್ಲಲ್ರಿ ಸರ್ರ," ಅಂದ. "ಕುಂತು ಕೇಳಿದಾಕಿ ಅಕಿ. ಅಕಿಗೆ ಹೇಳ್ರಿ."

ಸರ್ ನನ್ನ ಕಡೆ ಹೊಳ್ಳಿದ್ರು. "ತಪ್ಪಾತವಾ ಸುವರ್ಣಾ."

ಇರಲಿ ಬಿಡ್ರಿ ಸರ್ ಅನ್ನಬೇಕಿತ್ತು. ಅನ್ನಲಿಲ್ಲ. ಹದಿನೆಂಟರ ಸೊಕ್ಕು. ಚಾದ ಕಪ್ಪು ಎತಗೊಂಡು ಒಳಗ ಹೋದೆ.

ಈಗ ನಾ ಸವದತ್ತಿಯೊಳಗ ಸೈನ್ಸ್ ಟೀಚರ್. ಆವಾಗಿವಾಗ ಸರ್ ಸಿಗತಿದ್ರು, ಬಸ್ ಸ್ಟ್ಯಾಂಡಿನ್ಯಾಗ, ಯಾರದರ ಮದಿವ್ಯಾಗ. ಅಪ್ಪನ ಸುದ್ದಿ ಕೇಳತಿದ್ರು. ನಾ ನನ್ನ ಸಾಲಿ ಸುದ್ದಿ ಬಡಬಡ ಹೇಳತಿದ್ದೆ. ಮಾತು ಮುಗದಮ್ಯಾಲೂ ಒಂದು ಗಳಿಗಿ ಹಂಗ ನಿಂದರತಿದ್ರು. ಹೋದ ವರ್ಷ ಬೈಲಹೊಂಗಲ ಬಸ್ ಸ್ಟ್ಯಾಂಡಿನ್ಯಾಗ ಕಡೀ ಸಲ ಭೆಟ್ಟಿ ಆದಾಗೂ ನಿಂತ್ರು. ವಯಸ್ಸಾತಲ್ಲ, ಅದಕ್ಕ ಅನ್ಕೊಂಡೆ.

ಹೋದ ತಿಂಗಳ ಸರ್ ತೀರಿಹೋದ್ರು. ತಡಾ ಆಗಿ ಗೊತ್ತಾತು. ಕಿತ್ತೂರಿಗೆ ಹೋಗಿ ಹೆಸರು ಹೇಳಿದೆ. ಸರ್ ಹೆಂಡತಿ ನನ್ನ ಕೈ ಹಿಡಕೊಂಡು ಕುಂಡ್ರಿಸಿದ್ರು.

"ಸುವರ್ಣಾ ಅಂದ್ರ ನೀ ಏನವಾ? ನೀ ಸಿಕ್ಕಾಗೊಮ್ಮೆ ಮನಿಗೆ ಬಂದು ಅಂತಿದ್ರು, ಇವತ್ತೂ ‘ಇರಲಿ ಬಿಡ್ರಿ’ ಅನ್ನಲಿಲ್ಲ ನೋಡ ಆ ಹುಡುಗಿ, ಇನ್ನಾ ಸಿಟ್ಟಿನ್ಯಾಗ ಐತಿ, ಅಂತ."

"ಅವ್ವಾರ, ಸಿಟ್ಟು ಸರ್ ಮನಿಗೆ ಬಂದ ಆ ಐತವಾರ ಸಂಜೀಕನ ಹೋಗಿತ್ರಿ," ಅಂದೆ.

"ಅವರಿಗೆ ಗೊತ್ತಾಗಲಿಲ್ಲವಾ," ಅಂದ್ರು.