ಗಡ್ಡ ಮುಗಿಯದ ಹೀರೋ

ಆ ಬೇಸಿಗೆಯಲ್ಲಿ ಇಡೀ ರಾಮದುರ್ಗದಲ್ಲಿ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಮನುಷ್ಯ ಯಾರಾದರೂ ಇದ್ದರೆ ಅದು ನಾನು. ಮಲಪ್ರಭೆ ಬತ್ತಿದ್ದಕ್ಕಲ್ಲ, ಪರೀಕ್ಷೆಯ ಚಿಂತೆಗಂತೂ ಅಲ್ಲವೇ ಅಲ್ಲ. ಒಂದು ಸಿನಿಮಾದ ಕೊನೆ ನೋಡಲು ಸಿಗಲಿಲ್ಲ, ಅದಕ್ಕೆ.

ನಮ್ಮೂರ ಕೇಬಲ್‌ನವನು ಮಧ್ಯಾಹ್ನದ ಊಟದ ಹೊತ್ತಿಗೆ ತನ್ನ ಚಾನೆಲ್ಲಿನಲ್ಲಿ ಒಂದು ಸಿನಿಮಾ ಹಚ್ಚುತ್ತಿದ್ದ. ಆ ವಾರದ್ದು ಇಂಗ್ಲಿಷ್ ಸಿನಿಮಾ, ಮಾತು ಮಾತ್ರ ಹಿಂದಿ. ಹೀರೋ ಮುಖದ ತುಂಬ ಸೋಪಿನ ನೊರೆ ಬಳಿದುಕೊಂಡು ಕನ್ನಡಿ ಮುಂದೆ ಗಡ್ಡ ಮಾಡಿಕೊಳ್ಳುತ್ತಿರುತ್ತಾನೆ. ಹೊರಗೆ ಆಕಾಶದಿಂದ ನಮ್ಮ ತಾಲೂಕಿನಷ್ಟು ದೊಡ್ಡ ಹಡಗೊಂದು ಇಳಿಯುತ್ತದೆ. ಇವನು ಬಂದೂಕು ಹಿಡಿದು ಓಡುತ್ತಾನೆ, ಸಾಯುತ್ತಾನೆ. ಕಣ್ಣು ಬಿಟ್ಟರೆ ಮತ್ತೆ ಅದೇ ಕನ್ನಡಿ, ಅದೇ ನೊರೆ, ಅದೇ ದಿನ! ಈ ಸಲ ಗುಂಡು ಯಾವ ಕಡೆಯಿಂದ ಬರುತ್ತದೆಂದು ಅವನಿಗೆ ಗೊತ್ತು. ಬಗ್ಗುತ್ತಾನೆ, ನಾಲ್ಕು ಹೆಜ್ಜೆ ಮುಂದೆ ಹೋಗಿ ಸಾಯುತ್ತಾನೆ. ಮತ್ತೆ ಗಡ್ಡ.

ನನ್ನ ತಲೆ ಕೆಟ್ಟದ್ದೇ ಅದಕ್ಕೆ. ನಮ್ಮ ದಿನಗಳೂ ಹಾಗೇ ಅಲ್ಲವೇ? ಅದೇ ಟ್ಯೂಷನ್, ಅದೇ ಮಾಸ್ತರರು, ಅದೇ ಹೊತ್ತಿಗೆ ನನ್ನ ಹಣೆಗೆ ಬರುವ ಅದೇ ಚಾಕ್‌ಪೀಸು. ಆದರೆ ನಾನು ಒಂದು ದಿನವೂ ಬಗ್ಗಿರಲಿಲ್ಲ. ಸಿನಿಮಾ ನೋಡಿದ ಮರುದಿನ ಬಗ್ಗಿದೆ. ಚಾಕ್‌ಪೀಸು ನನ್ನ ತಲೆ ಮೇಲಿಂದ ಗುಂಡಿನಂತೆ ಹಾರಿ ಹೋಯಿತು. ಕ್ಲಾಸೇ ಎದ್ದು ನಿಂತು ಕೇಕೆ ಹಾಕಿತು. ಆದರೆ ಮಾಸ್ತರರು ಸಿನಿಮಾ ನೋಡಿರಲಿಲ್ಲ. ಹೊಸದಾಗಿ ಡಸ್ಟರ್ ಎಸೆದರು. ಮುಂದಿನ ದಿನ ಡಸ್ಟರಿಗೂ ಬಗ್ಗಿದೆ. ಅಂದು ಅವರೇ ಎದ್ದು ಬಂದರು. ಮಾಸ್ತರರು ಎದ್ದು ಬಂದರೆ ಹೀರೋ ಏನು ಮಾಡುತ್ತಾನೆಂದು ತಿಳಿಯಬೇಕಾದರೆ ಕೊನೆವರೆಗೆ ನೋಡಲೇಬೇಕಿತ್ತು.

ನೋಡಲು ಬಿಟ್ಟರಲ್ಲ! ಹೀರೋ ಮೂರನೇ ಸಲ ಗಡ್ಡಕ್ಕೆ ಕೈ ಹಚ್ಚಿದರೆ ಸಾಕು, ಪರದೆ ನೀಲಿಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಸಿನಿಮಾ ಮತ್ತೆ ಮೊದಲಿಂದ ಸುರು. ಮತ್ತೆ ಗಡ್ಡ, ಮತ್ತೆ ನೀಲಿ. ಕಡೆಗೆ ಕೇಬಲ್‌ನವನು ಬೇಸತ್ತು ಭಜನೆಯ ಹಾಡು ಹಚ್ಚುತ್ತಿದ್ದ. ದಿನಾ ಇದೇ.

"ಇವಂದು ಇನ್ನೂ ಗಡ್ಡ ಮುಗದಿಲ್ಲೇನೋ?" ಎಂದು ಅಜ್ಜಿ ಕೇಳುತ್ತಿದ್ದಳು. "ನಮ್ಮ ಕಟಿಂಗ್ ಅಂಗಡಿಯಾಂವ ಆಗಿದ್ರ ಇಷ್ಟೊತ್ತಿಗೆ ಓಣಿ ಮಂದೀನೆಲ್ಲಾ ಬೋಳಿಸಿ ಕಳಿಸ್ತಿದ್ದ."

"ಹುಚ್ಚರ ಸಿನಿಮಾ. ಬಂದ್ ಮಾಡ್ರಿ ಅದನ್ನ," ಎಂದು ಅಪ್ಪ ಚಾಪೆಯ ಮೇಲಿಂದಲೇ ಗದರುತ್ತಿದ್ದರು. ಕಿರಾಣಿ ಅಂಗಡಿ ಮುಚ್ಚಿ ಬಂದು, ಊಟ ಮಾಡಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗುವುದು ಅವರ ಪದ್ಧತಿ. ಆ ಟವೆಲ್ ಎಷ್ಟು ತೆಳ್ಳಗಿತ್ತೆಂದರೆ ಅದರೊಳಗಿಂದ ಪೇಪರ್ ಓದಬಹುದಿತ್ತು. ಅದು ನನಗೆ ಆಗ ಹೊಳೆಯಲಿಲ್ಲ.

ಶನಿವಾರ ಪರದೆಯ ಕೆಳಗೆ ಒಂದು ಸಾಲು ಓಡಿತು: ನಾಳೆಯಿಂದ ಭಕ್ತಿಪ್ರಧಾನ ಚಿತ್ರ. ಅಂದರೆ ಇವತ್ತೇ ಕೊನೆಯ ದಿನ! ಊಟದ ಕೈ ಒರೆಸಿದ ಟವೆಲ್ ಹೆಗಲ ಮೇಲಿದ್ದಂತೆಯೇ, ಚಪ್ಪಲಿ ಒಂದು ನನ್ನದು, ಇನ್ನೊಂದು ಅಜ್ಜಿಯದು ಮೆಟ್ಟಿಕೊಂಡು ಬಜಾರಿಗೆ ಓಡಿದೆ. ಕೇಬಲ್‌ನವನ ಖೋಲಿ ಚಹಾದಂಗಡಿಯ ಮೇಲೆ. ಅವನು ಬನಿಯನ್ನಿನ ತುದಿಯಿಂದ ಸೀಡಿ ತಿಕ್ಕುತ್ತ ಕೂತಿದ್ದ.

"ಅಣ್ಣಾರ, ಯಾಕ್ರಿ ದಿನಾ ನಡುವ ತಗೀತೀರಿ?"

"ಸೀಡಿ ಸಿಕ್ಕೊಂಡೈತೋ ತಮ್ಮಾ. ಅದ ಗಡ್ಡಾ ತಿರುಗಿ ತಿರುಗಿ ಬರಾಕತ್ತೈತಿ. ಮಂದಿ ಫೋನ್ ಮಾಡಿ ಬಾಯಿಗೆ ಬಂದಂಗ ಬೈತಾರ. ನಾನೂ ತಿಕ್ಕಿ ತಿಕ್ಕಿ ಬನಿಯನ್ ಹರಕೊಂಡೇನಿ."

"ಸಿಕ್ಕೊಂಡಿಲ್ರಿ! ಕತೀನ ಹಂಗೈತಿ. ಅಂವಾ ಸತ್ತ ಕೂಡ್ಲೆ ಅದ ದಿನಾ ಮತ್ತ ಸುರು ಆಗತೈತಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಣ್ಣು ಅಜ್ಜಿಯ ಚಪ್ಪಲಿಯ ಮೇಲೆ ನಿಂತಿತು.

"ಅದ ದಿನಾ ಮತ್ತ? ಹಂಗಾರ ಅಂವನೂ ಕೇಬಲ್ ಧಂದೆ ಮಾಡತಾನ ಅನ್ನು!"

ಪಕ್ಕದಲ್ಲಿ ಸಿನಿಮಾದ ಉಳಿದರ್ಧ ಇದ್ದ ಎರಡನೇ ಸೀಡಿ ಕವರಿನೊಳಗೆ ಒಂದು ಗೆರೆಯೂ ಇಲ್ಲದೆ ಫಳಫಳ ಹೊಳೆಯುತ್ತಿತ್ತು. ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಅಂದರೆ ಊರಿನಲ್ಲಿ ಒಂದು ಜೀವವೂ ಕೊನೆ ನೋಡಿಲ್ಲ! ನಾನೇ ಮೊದಲಿಗ! ಅವನ ಕೈಕಾಲು ಹಿಡಿದೆ. ಕಡೆಗೆ ಒಪ್ಪಿದ. ಸೀಡಿ ಸಂಜೆಯ ಬಸ್ಸಿಗೆ ಬೆಳಗಾವಿಗೆ ವಾಪಸ್ ಹೋಗಬೇಕು, ಅಷ್ಟರೊಳಗೆ ಮುಗಿಯಬೇಕು. ಮತ್ತೆ, ಬರುವ ಫೋನುಗಳ ಬೈಗುಳ ನಾನೇ ತಿನ್ನಬೇಕು.

ಅವನು ಸಿನಿಮಾ ಹಚ್ಚಿ ಚಹಾಕ್ಕೆ ಇಳಿದ. ಹೀರೋ ಎರಡನೇ ಸಲ ಗಡ್ಡ ಮಾಡಿಕೊಂಡ. ಫೋನು ಬಡಿದುಕೊಂಡಿತು.

"ಏನ್ರಿ ಇದು, ಮತ್ತ ಗಡ್ಡಾ?" ಎಂದಳು ಒಬ್ಬ ಹೆಂಗಸು.

"ಬೆಳದೈತ್ರಿ ಬಾಯಾರ, ಅದಕ್ಕ," ಎಂದು ಇಟ್ಟೆ.

ಆಮೇಲೆ ಆ ಫೋನು ತಣ್ಣಗಾಗಲೇ ಇಲ್ಲ. ಬೈಗುಳ ಕೇಳಿ ಕೇಳಿ ನನ್ನ ಕಿವಿ ಬದನೆಕಾಯಿ ಬಣ್ಣಕ್ಕೆ ಬಂತು. ಆದರೂ ಒಂದು ಕಣ್ಣು ಪರದೆಯ ಮೇಲೇ. ಎರಡನೇ ಸೀಡಿ ನಾನೇ ಹಾಕಿದೆ. ಹೀರೋ ಈಗ ಪ್ರತಿ ಗುಂಡಿಗೂ ಬಗ್ಗುತ್ತಿದ್ದ. ಹಡಗಿನೊಳಗೆ ಹೊಕ್ಕ, ವೈರಿಗಳ ಗೋಪುರ ಹತ್ತಿದ. ತುದಿಯಲ್ಲಿ ಒತ್ತುವ ಒಂದು ಕೆಂಪು ಗುಂಡಿ. ಕೈ ಚಾಚಿದ...

ಟ್ರಿಣ್ ಟ್ರಿಣ್.

"ಹಲೋ, ನಮ್ಮ ಹುಡುಗ ಅಲ್ಲಿ ಬಂದಾನೇನ್ರಿ?"

ಅಪ್ಪ! ಹೆಗಲ ಮೇಲಿನ ಟವೆಲ್ ಬಾಯಿಗೆ ಒತ್ತಿ, ಮೂಲೆಗೆ ತಿರುಗಿ, ಎಮ್ಮೆಯ ದನಿ ತೆಗೆದೆ. "ಇಲ್ರಿ ಸಾಹುಕಾರ. ಅಂಥಾವ್ರು ಯಾರೂ ಬಂದಿಲ್ರಿ."

"ಹೌದಾ." ಆ ಕಡೆ ಕೆಮ್ಮು. ಆಮೇಲೆ ದನಿ ಒಮ್ಮೆಲೇ ಸಣ್ಣದಾಯಿತು. "ಮತ್ತ... ನಮ್ಮ ಓಣ್ಯಾಗ ಕರೆಂಟ್ ಹೋತ್ರಿ. ಗೋಪುರಾ ಹತ್ತಾಕತ್ತಿದ್ನಲ್ರಿ ಅಂವಾ. ಉಳದ್ನೇನು?"

ತಿರುಗಿ ನೋಡಿದೆ. ಪರದೆಯ ಮೇಲೆ ಇಂಗ್ಲಿಷ್ ಹೆಸರುಗಳು ಇರುವೆ ಸಾಲಿನಂತೆ ಏರುತ್ತಿದ್ದವು. ಕೇಬಲ್‌ನವನು ಧಡಧಡ ಮೆಟ್ಟಿಲು ಹತ್ತಿ ಬಂದ, ಸೀಡಿ ಎಳೆದ, ಪೇಪರಿನಲ್ಲಿ ಸುತ್ತಿದ, ಬಸ್ಸು ಬಿಟ್ಟೇಬಿಟ್ಟಿತು ಎನ್ನುತ್ತ ಓಡಿದ. ಹೀರೋ ಗುಂಡಿ ಒತ್ತಿದನೋ ಇಲ್ಲವೋ, ನಾನೂ ನೋಡಿರಲಿಲ್ಲ.

"ಹಲೋ? ಉಳದ್ನೇನ್ರಿ?"

"ಉಳದಾನ್ರಿ," ಎಂದೆ. ಬಾಯಿ ತಾನಾಗಿ ಮುಂದೆ ಓಡಿತು. "ಗುಂಡಿ ಒತ್ತಿದ್ನರಿ. ಹಡಗ ಸುಟ್ಟ ಬೂದಿ ಆತು. ಮರುದಿನಾ ಎದ್ದು ಕನ್ನಡಿ ನೋಡಿದ್ರ, ಹೊಸಾ ದಿನಾ ಬಂದಿತ್ರಿ."

"ಮತ್ತ ಗಡ್ಡಾ?"

"ಇನ್ನ ಮಾಡ್ಕೊಳ್ಳುದ ಇಲ್ಲಂತ ಬಿಟ್ಟಾನ್ರಿ."

"ಛಲೋ ಆತು," ಎಂದರು ಅಪ್ಪ. "ಬಾಯಾಗಿನ ಟವೆಲ್ ತಗದು ಇನ್ನ ಮನಿಗೆ ಬಾ. ಹಾದ್ಯಾಗ ಯಾರಿಗೂ ಹೇಳಬ್ಯಾಡ. ಮೊದಲ ನನಗ ಹೇಳು."

ಬಜಾರಿನಿಂದ ನಮ್ಮ ಓಣಿಗೆ ದೂರ ಏನಿಲ್ಲ. ಆದರೆ ಅಂದು ಅದನ್ನು ನಾನು ಉದ್ದ ಮಾಡಿದೆ. ಗೋಪುರ ಎಷ್ಟೆತ್ತರ? ಗುಂಡಿ ಒತ್ತುವ ಮುಂಚೆ ಯಾರಾದರೂ ಅಡ್ಡ ಬಂದರೇ? ಒಂದು ತಿರುವಿನಲ್ಲಿ ಅವನನ್ನು ಕೊಂದೆ, ಮುಂದಿನ ತಿರುವಿನಲ್ಲಿ ಬದುಕಿಸಿದೆ, ಹಿಟ್ಟಿನ ಗಿರಣಿಯ ಹತ್ತಿರ ಮತ್ತೆ ಕೊಂದೆ. ಯಾವುದೂ ಸರಿ ಬರಲಿಲ್ಲ.

ಮನೆಯಲ್ಲಿ ಕರೆಂಟು ಬಂದಿರಲಿಲ್ಲ. ಅಪ್ಪ ಟವೆಲ್ ಮಡಚಿಟ್ಟು ಗೋಡೆಗೆ ಒರಗಿ ಕೂತಿದ್ದರು. ನಾನು ಗೋಪುರದಿಂದ ಸುರು ಮಾಡಿದೆ.

"ತಡಿಯೋ," ಎಂದಳು ಅಜ್ಜಿ, ಎಲೆ ಅಡಿಕೆಯ ಚೀಲ ಹತ್ತಿರ ಎಳೆದುಕೊಳ್ಳುತ್ತ. "ಮೊದಲಿಂದ ಹೇಳ. ಗಡ್ಡದಿಂದ."