ಎಲ್ಲರೂ ಮೆಚ್ಚಿದ ವೈರಾಗ್ಯ

ನನ್ನ ಕೈ ನಡುಗುವುದನ್ನು ಗಿರಾಕಿಗಳಿಗಿಂತ ಮೊದಲು ಕಂಡವನು ನನ್ನ ಮಗ. "ಅಪ್ಪಾ, ದುಡಿದಿದ್ದು ಸಾಕು. ಇನ್ನು ಆರಾಮಾಗಿ ಕೂತ್ಕೊಳಿ" ಅಂದ. ಜಯನಗರದಲ್ಲಿ ಬಾಡಿಗೆಗಿದ್ದ ನನ್ನ ಟೈಲರ್ ಅಂಗಡಿಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿ ಬಂದೆವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕಾಜಾ ಹೊಲಿಯಲು ಕೂತವನು ನಾನು. ಆಮೇಲೆ ಮದುವೆ ಗಂಡುಗಳ ಸೂಟು, ವಕೀಲರ ಕೋಟು ಕತ್ತರಿಸುವ ಮಾಸ್ಟರ್ ಆದೆ. ಕೋಟಿನ ಭುಜ ಕೂತ ರೀತಿ ನೋಡಿಯೇ ಇದು ನನ್ನ ಕೈಕೆಲಸ ಎಂದು ಗುರುತಿಸುವವರಿದ್ದರು. ಮಗಳ ಮದುವೆ, ಮಗನ ಓದು, ಬನಶಂಕರಿಯ ಈ ಎರಡನೇ ಮಹಡಿಯ ಮನೆ, ಎಲ್ಲವೂ ಒಂದು ಹೊಲಿಗೆ ಮಿಷನ್ನಿನಿಂದ ಆದದ್ದು. ಜಂಬ ಅಂದುಕೊಂಡರೂ ಸರಿ, ಯಾರ ಮುಂದೆಯೂ ನಾನು ಕೈ ಒಡ್ಡಲಿಲ್ಲ.

ಮನೆಯಲ್ಲಿ ಕೂತೆ. ಪಾರಿವಾಳ ಬರದಿರಲೆಂದು ಬಾಲ್ಕನಿಗೆ ಬಲೆ ಕಟ್ಟಿಸಿದ್ದೇವೆ. ಅದರ ಹಿಂದೆ ಕುರ್ಚಿ ಹಾಕಿಕೊಂಡು ರಸ್ತೆ ನೋಡುವುದೇ ನನ್ನ ಕೆಲಸವಾಯಿತು. ಹಾಲು ತರಲು ಎದ್ದರೆ ಮಗ ಆ್ಯಪ್‌ನಲ್ಲಿ ತರಿಸಿರುತ್ತಿದ್ದ. ಲೋಟ ತೊಳೆಯಲು ಹೋದರೆ ಸೊಸೆ ಓಡಿ ಬರುತ್ತಿದ್ದಳು. "ಬಿಡಿ ಮಾವ, ನೀವ್ಯಾಕೆ, ನಾನ್ ಮಾಡ್ತೀನಿ." ಏನು ಹಿಡಿದರೂ ಮರ್ಯಾದೆಯಿಂದಲೇ ಕಿತ್ತುಕೊಳ್ಳುತ್ತಿದ್ದರು. ಯಾರಾದರೂ ಕೆಟ್ಟವರಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಎಲ್ಲರೂ ಒಳ್ಳೆಯವರು. ಯಾರ ಮೇಲೆ ದೂರು ಹೇಳಲಿ?

ಹೊಟ್ಟೆಯಲ್ಲಿ ಉರಿ ಶುರುವಾಯಿತು. ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎಚ್ಚರವಾಗಿಬಿಡುತ್ತಿತ್ತು. ಸ್ಕ್ಯಾನ್ ಮಾಡಿಸಿದರು, ಬಾಯಿಂದ ಪೈಪು ಇಳಿಸಿ ನೋಡಿದರು. "ಏನೂ ಇಲ್ಲ ಸಾರ್, ವಯಸ್ಸಾಯ್ತಲ್ಲ, ಗ್ಯಾಸು" ಅಂದರು ಡಾಕ್ಟರು. ಮನೆಯವರಿಗೆ ನೆಮ್ಮದಿಯಾಯಿತು. ನನಗೆ ಮಾತ್ರ ಕೊನೆಯ ಬಾಗಿಲೂ ಮುಚ್ಚಿದಂತಾಯಿತು. ಏನಾದರೂ ಇದ್ದಿದ್ದರೆ ಹೀಗಿರುವುದಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು.

ನಾನು ಇಲ್ಲದಿದ್ದರೆ ಇವರಿಗೆಲ್ಲ ಹಗುರ ಎಂಬ ಮಾತು ಮನಸ್ಸಿಗೆ ಬಂದದ್ದು ಆ ಬಾಲ್ಕನಿಯಲ್ಲೇ, ಕಾಫಿ ಆರುತ್ತಿದ್ದಾಗ. ಅದು ಬಂದಾಗ ಭಯವೇ ಆಗಲಿಲ್ಲ. ಬದಲಿಗೆ ಒಂದು ಥರ ಸಮಾಧಾನವಾಯಿತು. ಈಗ ನೆನೆದರೆ ಭಯವಾಗುವುದು ಆ ಸಮಾಧಾನಕ್ಕೇ.

ಅಂದಿನಿಂದ ಒಂದೊಂದೇ ವಸ್ತು ಕೊಡತೊಡಗಿದೆ. ಸೀರೆಗೆ ಫಾಲ್ ಹೊಲಿಯುವ ಪಕ್ಕದ ಬೀದಿಯ ಹೆಂಗಸಿಗೆ ಮಿಷನ್ನು, ಗಾಡಿಯಲ್ಲಿ ಇಸ್ತ್ರಿ ಹಾಕುವವನಿಗೆ ನನ್ನ ಭಾರದ ಇಸ್ತ್ರಿಪೆಟ್ಟಿಗೆ, ತಂಗಿಯ ಮಗನಿಗೆ ನನಗೆಂದೇ ಎತ್ತಿಟ್ಟು ಹೊಲಿಯದೇ ಉಳಿದ ಸೂಟಿನ ಬಟ್ಟೆ. ಮಗನ ಮೇಲೆ ರೇಗುವುದನ್ನು ನಿಲ್ಲಿಸಿದೆ. ಊಟಕ್ಕೆ ಉಪ್ಪಿಲ್ಲದಿದ್ದರೂ ಸುಮ್ಮನೆ ತಿಂದೆ.

ಎಲ್ಲರೂ ಹೊಗಳಿದರು. "ಯಜಮಾನ್ರಿಗೆ ಒಳ್ಳೇ ವೈರಾಗ್ಯ ಬಂದಿದೆ ಕಣ್ರೀ" ಎಂದು ಕೆಳಗಿನ ಮನೆಯಾಕೆ ನನ್ನ ಹೆಂಡತಿಗೆ ಹೇಳಿದರು. "ನಮ್ಮನೇಲೂ ಒಬ್ರು ಇದಾರೆ, ಹಳೇ ಪೇಪರ್ ಮಾರೋಕೂ ಬಿಡಲ್ಲ." ಪಾರ್ಕಿನ ಗೆಳೆಯನೊಬ್ಬ ನನ್ನ ಕಾಲು ಮುಟ್ಟುವಂತೆ ತಮಾಷೆ ಮಾಡಿದ. "ಸ್ವಾಮಿಗಳು ಯಾವಾಗ ಮಠ ಕಟ್ತೀರ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊನೆಗೆ ಉಳಿದದ್ದು ಕತ್ತರಿ. ನಮ್ಮ ಕಸುಬಿನಲ್ಲಿ ಬಟ್ಟೆ ಕತ್ತರಿಸುವ ಮಾಸ್ಟರ್ ತನ್ನ ಕತ್ತರಿಯನ್ನು ಇನ್ನೊಬ್ಬನಿಗೆ ಕೊಡುವುದಿಲ್ಲ. ಅದು ಒಬ್ಬನ ಕೈಗೆ ಪಳಗಿರುತ್ತದೆ, ಬೇರೆಯವನು ಒಂದು ದಿನ ಹಿಡಿದರೆ ಸಾಕು, ದಾರಿ ತಪ್ಪುತ್ತದೆ. ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಜೆ.ಪಿ. ನಗರಕ್ಕೆ ಹೋದೆ. ನನ್ನ ಅಂಗಡಿಯಲ್ಲಿ ಬಹಳ ವರ್ಷ ಹೊಲಿದವನೊಬ್ಬ ಅಲ್ಲಿ ಒಂದು ಮೆಟ್ಟಿಲ ಕೆಳಗೆ ಆಲ್ಟರೇಷನ್ ಅಂಗಡಿ ಇಟ್ಟಿದ್ದಾನೆ.

ಟವೆಲ್ ಬಿಚ್ಚಿ ನೋಡಿದ. "ಏನ್ ಮಾಸ್ಟರ್, ಸಾಣೆ ಹಿಡಿಸ್ಬೇಕಾ?"

"ಇಲ್ಲ. ನೀನೇ ಇಟ್ಕೊ."

"ಒಂದ್ಸಲ ಮುಟ್ಟಿದ್ದಕ್ಕೆ ಸ್ಕೇಲಲ್ಲಿ ಬಾರಿಸಿದ್ರಿ. ಈಗ ಸುಮ್ಸುಮ್ನೆ ಕೊಡ್ತೀರಾ?"

"ವಯಸ್ಸಾಯ್ತಲ್ಲಪ್ಪ. ಆಸೆ ಬಿಡ್ಬೇಕು."

ಅವನು ಮಿಷನ್ ನಿಲ್ಲಿಸಿದ. ಜೀನ್ಸ್ ಗಿಡ್ಡ ಮಾಡಿಸಲು ಕಾಯುತ್ತಿದ್ದ ಹುಡುಗಿಗೆ, "ಅರ್ಧ ಗಂಟೆ ಬಿಟ್ಟು ಬಾಮ್ಮ" ಅಂದ.

"ಅಂಕಲ್, ಈಗ ಬಾ ಅಂದಿದ್ದು ನೀವೇ."

"ಹೂಂ, ನಾನೇ. ಟೀ ಕುಡ್ಕೊಂಡ್ ಬಾ."

ಅವಳು ಗೊಣಗುತ್ತಾ ಹೋದಳು. ಅವನು ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಸೊಂಟದ ಅಳತೆ ಕೇಳುವಷ್ಟೇ ಸಹಜವಾಗಿ ಕೇಳಿದ. "ಮಾಸ್ಟರ್, ಸಾಯ್ಬೇಕು ಅಂತ ಇದೀರಾ?"

"ಏನ್ ಮಾತು ಅಂತ ಆಡ್ತಿದೀಯೋ? ತಲೆ ನೆಟ್ಟಗಿದೆಯಾ?"

"ಬೈರಿ, ಪರ್ವಾಗಿಲ್ಲ. ನಮ್ಮಾವ ಹಿಂಗೇ ಒಂದಿನ ವಾಚ್ ಬಿಚ್ಚಿ ನಂಗೆ ಕೊಟ್ರು. ಎಂಥ ದೊಡ್ಡ ಮನಸ್ಸು ಅಂತ ಮನೆಯವ್ರೆಲ್ಲಾ ಮೆಚ್ಕೊಂಡ್ವಿ. ನಾನು ಕಟ್ಕೊಂಡು ಓಡಾಡ್ದೆ. ಅದೇ ವಾರ ಹೋಗ್ಬಿಟ್ರು. ಕಾಯಿಲೆಯಿಂದ ಅಲ್ಲ. ನಮ್ಮಲ್ಲಿ ಒಬ್ರೂ ಕೇಳಿರ್ಲಿಲ್ಲ ಮಾಸ್ಟರ್. ಅದಕ್ಕೇ ಕೇಳ್ತಿದೀನಿ."

ಎದ್ದು ಹೊರಟುಬಿಡಬೇಕು ಅನ್ನಿಸಿತು. ಆದರೂ "ಹೂಂ" ಅಂದೆ, ಅಷ್ಟೇ.

ಅವನು ಬುದ್ಧಿ ಹೇಳಲಿಲ್ಲ, ದೇವರ ಮಾತೂ ತೆಗೆಯಲಿಲ್ಲ. "ಇವತ್ತಾ?" ಅಂದ.

"ಗೊತ್ತಿಲ್ಲ."

"ಹಂಗಾದ್ರೆ ಇವತ್ತು ನಿಮ್ಮನ್ನ ಒಬ್ರನ್ನೇ ಬಿಡಲ್ಲ." ಶಟರ್ ಎಳೆದ. ಮಗನಿಗೆ ಹೇಳಬೇಡ ಎಂದು ಅವನ ಕೈ ಹಿಡಿದುಕೊಂಡೆ. ಜೀವನದಲ್ಲಿ ಮೊದಲ ಸಲ ಒಬ್ಬನ ಮುಂದೆ ಕೈ ಒಡ್ಡಿದ್ದೆ, ಅದೂ ನನ್ನ ಕೆಳಗೆ ಕೆಲಸ ಮಾಡಿದವನ ಮುಂದೆ. "ನಾನು ಹೇಳಲ್ಲ, ನೀವೇ ಹೇಳ್ತೀರ" ಅಂದ.

ಆಟೋ ಹಿಡಿದು ನಮ್ಮ ಮನೆಗೆ ಹೊರಟೆವು. ಸಾರಕ್ಕಿ ಸಿಗ್ನಲ್ಲಿನಲ್ಲಿ ಅದು ನಿಂತೇ ಇತ್ತು. ಇಳಿದು ಎತ್ತಲಾದರೂ ಹೋಗಿಬಿಡೋಣ ಎಂದು ನಾನು ಕದಲಿದಾಗಲೆಲ್ಲ ಅವನ ಕೈ ನನ್ನ ಮಂಡಿಯ ಮೇಲೆ ಬೀಳುತ್ತಿತ್ತು. ಡ್ರೈವರ್‌ನ ಬೆನ್ನು ತೋರಿಸಿ ಪಿಸುಗುಟ್ಟಿದ. "ಆ ಸೊಟ್ಟ ಕಾಲರ್ ನೋಡಿ ಮಾಸ್ಟರ್, ಯಾವನೋ ಪುಣ್ಯಾತ್ಮ ಹೊಲ್ದಿರೋದು."

"ನಿನ್ನ ಕೆಲಸದ ಥರಾನೇ ಇದೆ" ಅಂದೆ. ಮಾತು ತಾನಾಗಿ ಬಂದಿತ್ತು.

ಮನೆಯಲ್ಲಿ ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಬಾಗಿಲ ಬಳಿಯೇ ಕೂತ. "ನಂಗೆ ಬದುಕೋದು ಬೇಡ ಅನ್ನಿಸ್ಬಿಟ್ಟಿದೆ" ಎಂದು ಗೋಡೆ ನೋಡಿಕೊಂಡು ಹೇಳಿದೆ. ಅವಳು ಕಿರುಚಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು.

"ನೀವು ಬಾಲ್ಕನೀಲಿ ಕೂತಿರೋದನ್ನ ನೋಡ್ದಾಗೆಲ್ಲಾ ಕೇಳೋಣ ಅನ್ಸ್ತಿತ್ತು" ಅಂದಳು. "ಕೇಳಿದ್ರೆ ಇಲ್ಲದ್ದನ್ನ ನಾನೇ ತಲೆಗೆ ತುಂಬ್ದಂಗೆ ಆಗತ್ತೇನೋ ಅಂತ ಬಾಯ್ಮುಚ್ಕೊಂಡಿದ್ದೆ."

ಬ್ಯಾಂಕಿನಲ್ಲಿದ್ದ ಮಗನಿಗೆ ಅವಳೇ ಫೋನ್ ಮಾಡಿ ಕರೆಸಿದಳು. ಅಂದು ಸಂಜೆಯೇ ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದರು. ಗುರುತಿನವರು ನೋಡಿಯಾರು ಎಂದು ನಾನು ಬೋರ್ಡಿನ ಕೆಳಗೆ ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಆ ಡಾಕ್ಟರಮ್ಮ ಕೇಳಿದ್ದೂ ಅದೇ ಪ್ರಶ್ನೆ, ಅಷ್ಟೇ ನೇರವಾಗಿ. ಕೇಳುವುದರಿಂದ ಯಾರ ತಲೆಗೂ ಇಲ್ಲದ್ದು ತುಂಬುವುದಿಲ್ಲ ಎಂದು ಹೆಂಡತಿಗೆ ಹೇಳಿದರು. "ಇದು ವೈರಾಗ್ಯ ಅಲ್ಲ, ವಯಸ್ಸೂ ಅಲ್ಲ, ಕಾಯಿಲೆ. ಆ ಹೊಟ್ಟೆ ಉರಿ, ನಿದ್ದೆ ಹೋಗಿದ್ದು, ಎಲ್ಲಾ ಇದರದ್ದೇ ಇರಬಹುದು. ವಾಸಿಯಾಗತ್ತೆ. ನಿಧಾನ ಆಗತ್ತೆ." ಮಾತ್ರೆಗಳು ಮಗನ ಬಳಿಯೇ ಇರಲಿ, ಸದ್ಯಕ್ಕೆ ಇವರನ್ನು ಒಬ್ಬರನ್ನೇ ಬಿಡಬೇಡಿ ಎಂದೂ ಹೇಳಿದರು.

ಹೀಗಾಗಿ ಮೊದಲಿಗಿಂತ ಬಿಗಿಯಾಗಿ ಸಿಕ್ಕಿಬಿದ್ದೆ. ಬಚ್ಚಲಿಗೆ ಹೋದರೆ ಚಿಲಕ ಹಾಕುವಂತಿಲ್ಲ. ಒಂದು ಮಾತ್ರೆಗೂ ಮಗನ ಮುಂದೆ ಅಂಗೈ ಚಾಚಬೇಕು. ಒಂದು ದಿನ ರೇಗಿಬಿಟ್ಟೆ. "ನಾನೇನು ಕಳ್ಳನೇನೋ, ಹಿಂಗೆ ಕಾಯೋಕೆ?"

"ಅಲ್ಲಪ್ಪ. ನಂಗೆ ಭಯ" ಅಂದ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅವನು ಚಿಕ್ಕವನಿದ್ದಾಗ. "ನೀವಿಲ್ದಿದ್ರೆ ಹಗುರ ಅಂತ ಡಾಕ್ಟರ ಹತ್ರ ಅಂದ್ರಂತೆ. ಯಾರಿಗೆ, ಹೇಳಿ?" ಅಂಗೈ ಚಾಚಿದೆ. ಮಾತ್ರೆ ನುಂಗಿದೆ.

ಡಾಕ್ಟರಮ್ಮ ಹೇಳಿದಂತೆ ನಿಧಾನವೇ ಆಗುತ್ತಿದೆ. ಊಟ ರುಚಿಸುತ್ತದೆ, ನಿದ್ದೆಯೂ ಬರುತ್ತದೆ. ಕೈ ನಡುಕ ಹೋಗಿಲ್ಲ, ಅದು ಹೋಗುವುದೂ ಇಲ್ಲವಂತೆ. ಆ ಯೋಚನೆ ಮಾತ್ರ ಕೆಲವು ದಿನ ಬೆಳಗ್ಗೆ ಬಂದು ಕೂರುತ್ತದೆ. ಹೆಂಡತಿ ಈಗ ಬಾಯಿ ಮುಚ್ಚಿಕೊಂಡಿರುವುದಿಲ್ಲ, ಕಾಫಿ ಕೊಡುವಾಗಲೇ ಕೇಳುತ್ತಾಳೆ. ಇಲ್ಲ ಎಂದರೆ ಅಂದು ನಾನು ಒಬ್ಬನೇ ಪಾರ್ಕಿಗೆ ಹೋಗಬಹುದು. ಬಂತು ಎಂದರೆ ಡಾಕ್ಟರಿಗೆ ಫೋನು, ಮಗನಿಗೆ ಫೋನು, ದಿನವಿಡೀ ಕಾವಲು. ಸುಳ್ಳು ಹೇಳಿ ಬಿಡಿಸಿಕೊಳ್ಳುವ ಆಸೆ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಇವತ್ತು ಅವಳು ಹನುಮಂತನಗರದ ತನ್ನ ತಂಗಿಯ ಮನೆಗೆ ಹೋಗಲೆಂದು ಒಳ್ಳೆ ಸೀರೆ ಉಟ್ಟು ನಿಂತಿದ್ದಳು.

"ಬಂದಿತ್ತಾ?" ಅಂದಳು.

ಸೀರೆ ನೋಡಿದೆ. ಲೋಟ ಕೆಳಗಿಟ್ಟು, "ಬಂತು" ಅಂದೆ.

ಅವಳು ಮೊಬೈಲ್ ತೆಗೆದು, ಇವತ್ತು ಬರೋಕಾಗಲ್ಲ ಕಣೇ ಎಂದು ತಂಗಿಗೆ ಹೇಳಿದಳು.